ಯಾರ ಪಕ್ಕದಲ್ಲಿ ಯಾರು? – ಆಸನ ಹೊಂದಿಸುವ ಒಂದು ತರ್ಕಸಮಸ್ಯೆಯ ವಿಚಾರ

ಈ ಸ್ಮರಣ ಸಂಚಿಕೆಗೆ ಗಣಿತದ ವಿಷಯವಾಗಿ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ರಾಮಾನುಜನ್ನರ ಜೀವನವನ್ನೋ ಪೈಥಾಗೊರಸನ ಪ್ರಮೇಯವನ್ನೋ ಕುರಿತು ಬರೆದರಾಯಿತೆಂದು ನಾನು ಮೊದಲು ಯೋಚಿಸಿದ್ದೆನು. ಅಂಥ ಲೇಖನಗಳು ಈಗಾಗಲೇ ಎಷ್ಟೋ ಬಂದಿವೆ. ಆದುದರಿಂದ, ಈಚೆಗೆ ನನ್ನನ್ನು ಮೂರು ದಿನಗಳ ಕಾಲ ಕಾಡಿದ ಒಂದು ಚಿಕ್ಕ ಸಮಸ್ಯೆಯನ್ನೇ ವಾಚಕರ ಮುಂದಿಡುವುದು ಮೇಲೆಂದು ತೋರಿತು. ಅದು ಯಾವ ಗ್ರಂಥದಿಂದಲೂ ಬಂದುದಲ್ಲ. ಮಕ್ಕಳು ಮೊಬೈಲ್ ಫೋನಿನಲ್ಲಿ ಆಡುವ ಆಟವೊಂದರಿಂದ ಬಂದುದು. ಗುರುಹಿರಿಯರು ಓದುವ ಸಂಚಿಕೆಯಲ್ಲಿ ಆಟದ ಮಾತೇಕೆ ಎಂದು ಯಾರಾದರೂ ಕೇಳಿದರೆ, ಲೇಖನದ ಕೊನೆಯವರೆಗೆ ತಾಳ್ಮೆಯಿಂದಿರಬೇಕೆಂದು ಅವರಲ್ಲಿ ಬಿನ್ನವಿಸಿಕೊಳ್ಳುತ್ತೇನೆ.

ರಜೆಗೆ ಬಂದಿದ್ದ ಮೊಮ್ಮಗಳು ಒಂದು ಸಂಜೆ ಫೋನನ್ನು ನನ್ನ ಕೈಗಿತ್ತು, "ತಾತ, ನೀವು ಲೆಕ್ಕದ ಮೇಷ್ಟ್ರಲ್ಲವಾ, ಇದನ್ನು ಬಿಡಿಸಿ ನೋಡೋಣ" ಎಂದಳು. ಈ ಬಗೆಯ ಆಟಗಳಲ್ಲಿ ಆಸನಗಳಿರುತ್ತವೆ, ಜನರಿರುತ್ತಾರೆ, ಒಬ್ಬೊಬ್ಬರಿಗೂ ಒಂದೊಂದು ಬಯಕೆಯಿರುತ್ತದೆ. ಒಬ್ಬನಿಗೆ ಕಿಟಕಿ ಬೇಕು, ಮತ್ತೊಬ್ಬನಿಗೆ ಗದ್ದಲ ಬೇಡ, ಇನ್ನೊಬ್ಬಳಿಗೆ ವಾಸನೆ ಆಗದು. ಎಲ್ಲರ ಬಯಕೆಯೂ ಸಲ್ಲುವಂತೆ ಎಲ್ಲರನ್ನೂ ಕೂರಿಸಿದರೆ ಗೆಲುವು. ಸ್ಪೇನ್ ದೇಶದ ಬಾರ್ಸಿಲೋನಾ ನಗರದ ಪೋಟಿ ಪೋಟಿ ಎಂಬ ಚಿಕ್ಕ ಸಂಸ್ಥೆಯವರು 2025ರಲ್ಲಿ ಹೊರತಂದ 'ಈಸ್ ದಿಸ್ ಸೀಟ್ ಟೇಕನ್?' ಎಂಬುದು ಈ ಜಾತಿಯ ಆಟಗಳಲ್ಲಿ ಹೆಸರಾದುದು. 'ಇಲ್ಲಿ ಯಾರಾದರೂ ಕುಳಿತಿದ್ದಾರೆಯೇ?' ಎಂದು ಅದರ ಹೆಸರನ್ನು ಕನ್ನಡಿಸಬಹುದು. ನಮ್ಮ ಊರಿನ ಬಸ್ಸಿನಲ್ಲಿ ದಿನಕ್ಕೆ ನೂರು ಸಲ ಕೇಳಿಬರುವ ಪ್ರಶ್ನೆಯೇ ಅದು.

ಮೊಮ್ಮಗಳು ತೋರಿಸಿದ ಸಮಸ್ಯೆಯನ್ನು ಅಲ್ಲಿದ್ದಂತೆಯೇ ಇಲ್ಲಿ ಕೊಡುತ್ತಿಲ್ಲ. ಅದರ ಗಂಟುಗಳನ್ನು ಉಳಿಸಿಕೊಂಡು, ನಮ್ಮ ಸೀಮೆಯ ಬಸ್ಸಿಗೆ ಹೊಂದುವಂತೆ ಬೇರೆಯಾಗಿ ಕಟ್ಟಿದ್ದೇನೆ. ಮಂಡ್ಯ, ಮದ್ದೂರುಗಳಿಗೆ ರೈಲಿನ ಅನುಕೂಲವುಂಟು, ಮಳವಳ್ಳಿಗೆ ಇಲ್ಲ. ಅಲ್ಲಿಯವರಿಗೆ ಬಸ್ಸೇ ಗತಿ. ಆದುದರಿಂದ ನಮ್ಮ ಬಸ್ಸು ಮಳವಳ್ಳಿಯಿಂದ ಹೊರಟು, ಭಾರತೀನಗರವನ್ನು ಹಾದು, ಮದ್ದೂರಿನ ಮೇಲೆ ಮಂಡ್ಯಕ್ಕೆ ಹೋಗಲಿ.

ಸಮಸ್ಯೆ

ಒಂದು ಖಾಸಗಿ ಬಸ್ಸು. ಅದರ ಒಂದು ಪಕ್ಕದಲ್ಲಿ ಒಂದರ ಹಿಂದೆ ಒಂದರಂತೆ ನಾಲ್ಕು ಸಾಲುಗಳಿವೆ. ಪ್ರತಿ ಸಾಲಿನಲ್ಲಿ ಎರಡು ಆಸನಗಳು: ಒಂದು ಕಿಟಕಿಯ ಬದಿಯದು, ಇನ್ನೊಂದು ಓಡಾಡುವ ದಾರಿಯ ಬದಿಯದು. ಹೀಗೆ ಒಟ್ಟು ಎಂಟು ಆಸನಗಳು, ಎಂಟು ಮಂದಿ ಪ್ರಯಾಣಿಕರು. ಅವರು ಯಾರೆಂದರೆ: ಒಬ್ಬ ಅಜ್ಜಿ, ಆಕೆಯ ಮೊಮ್ಮಗ, ಒಬ್ಬ ಉಪಾಧ್ಯಾಯರು, ಒಬ್ಬ ವಿದ್ಯಾರ್ಥಿನಿ, ಬೆಲ್ಲದ ವ್ಯಾಪಾರಿ, ರೇಷ್ಮೆಗೂಡಿನ ಮೂಟೆ ಹಿಡಿದ ರೈತ, ಸಕ್ಕರೆ ಕಾರ್ಖಾನೆಯಲ್ಲಿ ರಾತ್ರಿಪಾಳಿ ಮುಗಿಸಿ ಬಂದ ಕಾರ್ಮಿಕ, ಮತ್ತು ಫೋನಿನಲ್ಲಿ ಗಟ್ಟಿಯಾಗಿ ಹಾಡು ಹಾಕಿಕೊಂಡಿರುವ ಒಬ್ಬ ಯುವಕ.

ಒಬ್ಬರ 'ನೆರೆ' ಎಂದರೆ ಅದೇ ಸಾಲಿನ ಪಕ್ಕದ ಆಸನ, ನೇರ ಮುಂದಿನ ಆಸನ ಮತ್ತು ನೇರ ಹಿಂದಿನ ಆಸನ ಎಂದು ತಿಳಿಯಬೇಕು. ಓರೆಯಾಗಿರುವ ಆಸನ ನೆರೆಯಲ್ಲ. ಇನ್ನು ನಿಬಂಧನೆಗಳು:

1. ಮೊಮ್ಮಗನಿಗೆ ಕಿಟಕಿ ಬೇಕು. ಅಜ್ಜಿ ಅವನ ಪಕ್ಕದಲ್ಲಿಯೇ ಕೂರಬೇಕು.
2. ಹಿಂದಿನ ಸಾಲುಗಳ ಕುಲುಕಾಟ ಅಜ್ಜಿಗೆ ಆಗದು. ಆಕೆ ಮೊದಲನೆಯ ಅಥವಾ ಎರಡನೆಯ ಸಾಲಿನಲ್ಲಿರಬೇಕು.
3. ಬೆಲ್ಲದ ವ್ಯಾಪಾರಿ ತನ್ನ ಮೂಟೆಗಳ ಮೇಲೆ ಕಣ್ಣಿಟ್ಟಿರಬೇಕಾದುದರಿಂದ ಕೊನೆಯ ಸಾಲಿನಲ್ಲಿ, ದಾರಿಯ ಬದಿಯಲ್ಲಿ ಕೂರಬೇಕು.
4. ಉಪಾಧ್ಯಾಯರಿಗೂ ಬೆಲ್ಲದ ವ್ಯಾಪಾರಿಗೂ ಸ್ನೇಹ. ಒಬ್ಬರು ಇನ್ನೊಬ್ಬರ ನೇರ ಮುಂದೆ ಅಥವಾ ನೇರ ಹಿಂದೆ ಇರಬೇಕು.
5. ವಿದ್ಯಾರ್ಥಿನಿಗೆ ಓದಲು ಬೆಳಕು ಬೇಕು, ಆದುದರಿಂದ ಕಿಟಕಿಯ ಬದಿ. ಸಂದೇಹ ಕೇಳಲು ಉಪಾಧ್ಯಾಯರ ಪಕ್ಕ.
6. ಕಾರ್ಮಿಕನಿಗೆ ತಲೆಯೊರಗಿಸಿ ಮಲಗಲು ಕಿಟಕಿ ಬೇಕು.
7. ಹಾಡಿನ ಯುವಕ ಕಾರ್ಮಿಕನಿಗೆ ನೆರೆಯಾಗಿರಬಾರದು.
8. ರೇಷ್ಮೆಗೂಡಿನ ವಾಸನೆ ಅಜ್ಜಿಗೂ ಆಗದು, ವಿದ್ಯಾರ್ಥಿನಿಗೂ ಆಗದು. ಗೂಡಿನ ರೈತ ಇವರಿಬ್ಬರಿಗೂ ನೆರೆಯಾಗಿರಬಾರದು.

ಮುಂದಕ್ಕೆ ಓದುವ ಮುನ್ನ ವಾಚಕರು ಒಂದು ಕಾಗದ, ಒಂದು ಪೆನ್ಸಿಲ್ಲು ಹಿಡಿದು ತಾವೇ ಒಮ್ಮೆ ಪ್ರಯತ್ನಿಸಿದರೆ ಈ ಲೇಖನದ ಶ್ರಮ ಸಾರ್ಥಕವಾದೀತು. ಎಂಟು ಹುಣಸೆಬೀಜಗಳಿಗೆ ಎಂಟು ಗುರುತು ಹಾಕಿಕೊಂಡರೂ ಆದೀತು.

ಎಣಿಕೆಯ ಮಾತು

ಎಂಟು ಮಂದಿಯನ್ನು ಎಂಟು ಆಸನಗಳಲ್ಲಿ ಎಷ್ಟು ಬಗೆಯಾಗಿ ಕೂರಿಸಬಹುದು? ಮೊದಲನೆಯವರಿಗೆ ಎಂಟು ಆಯ್ಕೆ, ಎರಡನೆಯವರಿಗೆ ಏಳು, ಮೂರನೆಯವರಿಗೆ ಆರು. ಹೀಗೆ ಗುಣಿಸುತ್ತ ಬಂದರೆ 40,320 ಬಗೆಗಳಾಗುತ್ತವೆ. ಒಂದೊಂದು ಬಗೆಯನ್ನು ಪರೀಕ್ಷಿಸಲು ಒಂದೊಂದು ನಿಮಿಷವೆಂದರೂ, ಊಟ ನಿದ್ರೆಗಳನ್ನು ಬಿಟ್ಟು ಕುಳಿತರೆ, ಸರಿಯಾಗಿ 28 ದಿನಗಳು ಹಿಡಿಯುತ್ತವೆ. ಮಳವಳ್ಳಿಯ ಬಸ್ಸು ಅಷ್ಟು ಹೊತ್ತು ಕಾಯುವುದಿಲ್ಲ.

ಇಂಥ ಎಣಿಕೆ ನಮ್ಮವರಿಗೆ ಹೊಸದಲ್ಲ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಅಂದರೆ 9ನೆಯ ಶತಮಾನದಲ್ಲಿ, ಕನ್ನಡ ನಾಡಿನ ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿ, ಇಷ್ಟು ವಸ್ತುಗಳಲ್ಲಿ ಇಷ್ಟನ್ನು ಎಷ್ಟು ಬಗೆಯಾಗಿ ಆರಿಸಬಹುದೆಂಬುದಕ್ಕೆ ಸಾಮಾನ್ಯ ಸೂತ್ರವನ್ನು ಕೊಟ್ಟನು. ಆರು ರಸಗಳನ್ನು ಬೆರೆಸುವ ಬಗೆಗಳೆಷ್ಟು ಎಂಬುದು ಅವನ ಉದಾಹರಣೆಗಳಲ್ಲೊಂದು. ಒಂದೊಂದಾಗಿ, ಎರಡೆರಡಾಗಿ, ಹೀಗೆ ಆರನ್ನೂ ಸೇರಿಸುವವರೆಗೆ ಲೆಕ್ಕ ಹಾಕಿದರೆ 63 ಬಗೆಗಳಾಗುತ್ತವೆ. 12ನೆಯ ಶತಮಾನದಲ್ಲಿ ರಾಜಾದಿತ್ಯನು 'ವ್ಯವಹಾರಗಣಿತ'ವನ್ನು ಬರೆದು ಗಣಿತಶಾಸ್ತ್ರವನ್ನು ಕನ್ನಡದಲ್ಲಿಯೇ ಹೇಳಿದನು. ಅದೇ ಶತಮಾನದಲ್ಲಿ, 1150ರಲ್ಲಿ, ಭಾಸ್ಕರಾಚಾರ್ಯನು 'ಲೀಲಾವತಿ'ಯ ಅಂಕಪಾಶ ಪ್ರಕರಣದಲ್ಲಿ ಕೇಳಿರುವ ಪ್ರಶ್ನೆಯಂತೂ ನಮ್ಮ ಬಸ್ಸಿನ ಪ್ರಶ್ನೆಯ ಹಿರಿಯಣ್ಣನೇ ಸರಿ. ಪಾಶ, ಅಂಕುಶ, ಸರ್ಪ, ಡಮರು, ಕಪಾಲ, ಶೂಲ, ಖಟ್ವಾಂಗ, ಶಕ್ತಿ, ಶರ, ಚಾಪ – ಈ ಹತ್ತನ್ನೂ ಶಂಭುವು ತನ್ನ ಹತ್ತು ಕೈಗಳಲ್ಲಿ ಬದಲಾಯಿಸಿ ಬದಲಾಯಿಸಿ ಹಿಡಿದರೆ ಎಷ್ಟು ಮೂರ್ತಿಭೇದಗಳಾಗುತ್ತವೆ ಎಂಬುದು ಆ ಪ್ರಶ್ನೆ. ಉತ್ತರ 36,28,800. ಆಯುಧಗಳಿಗೆ ಬದಲಾಗಿ ಪ್ರಯಾಣಿಕರನ್ನೂ ಕೈಗಳಿಗೆ ಬದಲಾಗಿ ಆಸನಗಳನ್ನೂ ಇಟ್ಟರೆ ಲೆಕ್ಕ ಒಂದೇ.

ಪಾಶ್ಚಾತ್ಯರೂ ಇದರಲ್ಲಿ ಆಸಕ್ತರಾಗಿದ್ದರು. ಚದುರಂಗದ ಹಲಗೆಯ 64 ಮನೆಗಳಲ್ಲಿ ಎಂಟು ರಾಣಿಯರನ್ನು ಒಬ್ಬರನ್ನೊಬ್ಬರು ಹೊಡೆಯದಂತೆ ಇಡುವುದು ಹೇಗೆಂದು 1848ರಲ್ಲಿ ಜರ್ಮನಿಯ ಮ್ಯಾಕ್ಸ್ ಬೆಟ್ಸೆಲ್ ಎಂಬಾತನು ಕೇಳಿದನು. ಹಾಗೆ ಇಡಲು 92 ಬಗೆಗಳುಂಟು. ದುಂಡು ಮೇಜಿನ ಸುತ್ತ ದಂಪತಿಗಳನ್ನು, ಹೆಂಗಸರು ಗಂಡಸರು ಒಬ್ಬರಾದ ಮೇಲೆ ಒಬ್ಬರು ಬರುವಂತೆಯೂ ಗಂಡಹೆಂಡಿರು ಪಕ್ಕಪಕ್ಕದಲ್ಲಿ ಬಾರದಂತೆಯೂ ಕೂರಿಸುವ ಲೆಕ್ಕವನ್ನು 1891ರಲ್ಲಿ ಫ್ರಾನ್ಸಿನ ಎದುವಾರ್ ಲ್ಯೂಕಾ ಮುಂದಿಟ್ಟನು. ಮದುವೆಮನೆಯ ಊಟದ ಪಂಕ್ತಿಯನ್ನು ಹೊಂದಿಸಿದ ಅನುಭವವಿರುವ ನಮ್ಮ ಹಿರಿಯರಿಗೆ ಈ ಕಷ್ಟವನ್ನು ಬೇರೆ ವಿವರಿಸಬೇಕಾಗಿಲ್ಲ.

ಬಿಡಿಸುವ ಕ್ರಮ

ಇಂಥ ಸಮಸ್ಯೆಗಳನ್ನು ಬಿಡಿಸುವಲ್ಲಿ ಮೊದಲ ನಿಯಮ ಇದು: ಯಾರಿಗೆ ಆಯ್ಕೆ ಅತ್ಯಂತ ಕಡಿಮೆಯೋ ಅವರನ್ನು ಮೊದಲು ಕೂರಿಸಬೇಕು. ನಿಬಂಧನೆಗಳನ್ನು ಕೊಟ್ಟ ಅನುಕ್ರಮದಲ್ಲಿಯೇ ಹಿಡಿದು ಹೋಗಬೇಕೆಂಬ ಕಟ್ಟಳೆಯಿಲ್ಲ. ಬಹುತೇಕ ಮಕ್ಕಳು ಮೊದಲನೆಯ ನಿಬಂಧನೆಯಿಂದಲೇ ಆರಂಭಿಸುತ್ತಾರೆ, ಅಲ್ಲಿಯೇ ಎಡವುತ್ತಾರೆ.

ನಮ್ಮ ಎಂಟು ಮಂದಿಯಲ್ಲಿ ಒಂದೇ ಒಂದು ಆಸನವುಳ್ಳವನು ಬೆಲ್ಲದ ವ್ಯಾಪಾರಿ: ನಾಲ್ಕನೆಯ ಸಾಲು, ದಾರಿಯ ಬದಿ. ಅವನನ್ನು ಕೂರಿಸಿದೊಡನೆ 40,320 ಬಗೆಗಳು 5,040ಕ್ಕೆ ಇಳಿಯುತ್ತವೆ. ಅವನ ಹಿಂದೆ ಸಾಲಿಲ್ಲ. ಆದುದರಿಂದ ಉಪಾಧ್ಯಾಯರು ಅವನ ನೇರ ಮುಂದೆ, ಮೂರನೆಯ ಸಾಲಿನ ದಾರಿಯ ಬದಿಯಲ್ಲಿ ಕೂರಲೇಬೇಕು. ಈಗ ಉಳಿದವು 720. ವಿದ್ಯಾರ್ಥಿನಿ ಉಪಾಧ್ಯಾಯರ ಪಕ್ಕದ ಕಿಟಕಿಗೆ ಬಂದಳು, ಉಳಿದವು 120. ಇಷ್ಟು ಹೊತ್ತಿಗೆ ಮೂವರು ಕುಳಿತಾಯಿತು, ಎಲ್ಲಿಯೂ ಊಹೆ ಮಾಡಲಿಲ್ಲ.

ಇನ್ನು ಅಜ್ಜಿ, ಮೊಮ್ಮಗ. ಮೊಮ್ಮಗ ಕಿಟಕಿಯಲ್ಲಿ, ಅಜ್ಜಿ ದಾರಿಯ ಬದಿಯಲ್ಲಿ ಎಂಬುದು ಖಚಿತ. ಸಾಲು ಒಂದೋ ಎರಡೋ ಎಂಬುದು ಮಾತ್ರ ತಿಳಿಯದು. ಉಳಿದ ಮೂವರಿಗೆ, ಅಂದರೆ ಕಾರ್ಮಿಕ, ಗೂಡಿನ ರೈತ ಮತ್ತು ಯುವಕ ಇವರಿಗೆ, ಉಳಿಯುವ ಆಸನಗಳೂ ಮೂರೇ: ನಾಲ್ಕನೆಯ ಸಾಲಿನ ಕಿಟಕಿ, ಮತ್ತು ಮೊದಲೆರಡು ಸಾಲುಗಳಲ್ಲಿ ಅಜ್ಜಿ ಬಿಟ್ಟ ಸಾಲಿನ ಎರಡು ಆಸನಗಳು. ಮೂವರನ್ನು ಮೂರು ಆಸನಗಳಲ್ಲಿ ಆರು ಬಗೆಯಾಗಿ ಕೂರಿಸಬಹುದು. ಅಜ್ಜಿಗೆ ಎರಡು ಸಾಲುಗಳ ಆಯ್ಕೆಯಿರುವುದರಿಂದ ಒಟ್ಟು 12 ಬಗೆಗಳು. ನಲವತ್ತು ಸಾವಿರ ಹೋಗಿ ಹನ್ನೆರಡು ಉಳಿಯಿತು.

ಎರಡನೆಯ ನಿಯಮ: ಎರಡೇ ದಾರಿಗಳಿರುವಲ್ಲಿ, ಒಂದನ್ನು ನಿಜವೆಂದು ಕಲ್ಪಿಸಿಕೊಂಡು ಅದು ಕರೆದೊಯ್ಯುವಲ್ಲಿಗೆ ಹೋಗಿ ನೋಡಬೇಕು. ವಿರೋಧ ಬಂದರೆ ಆ ದಾರಿ ಮುಚ್ಚಿತು, ಇನ್ನೊಂದೇ ದಾರಿ. ನಮ್ಮ ನೈಯಾಯಿಕರು 'ತರ್ಕ'ವೆಂದು ಕರೆದುದು ಬಹುಮಟ್ಟಿಗೆ ಇದನ್ನೇ. ಬೆಂಕಿಯಿಲ್ಲವೆಂದು ಇಟ್ಟುಕೊಂಡರೆ ಹೊಗೆಯೂ ಇರಕೂಡದಾಗಿತ್ತು, ಹೊಗೆಯಿದೆ, ಆದುದರಿಂದ ಇಟ್ಟುಕೊಂಡುದು ತಪ್ಪು. ಊಹೆಗೂ ಈ ಕಲ್ಪನೆಗೂ ಭೇದವಿದೆ. ಊಹೆ ಮಾಡಿದವನು ತನ್ನ ಮಾತು ನಿಜವಾಗಲೆಂದು ಬಯಸುತ್ತಾನೆ. ತರ್ಕ ಮಾಡುವವನು ತನ್ನ ಕಲ್ಪನೆ ಎಲ್ಲಿ ಮುರಿಯುವುದೆಂದು ಹುಡುಕುತ್ತಾನೆ.

ಕಾರ್ಮಿಕನಿಗೆ ಕಿಟಕಿಯೇ ಬೇಕು. ಉಳಿದ ಕಿಟಕಿಗಳು ಎರಡು: ನಾಲ್ಕನೆಯ ಸಾಲಿನದು, ಮತ್ತು ಅಜ್ಜಿ ಬಿಟ್ಟ ಮುಂದಿನ ಸಾಲಿನದು. ಅವನು ಮುಂದಿನ ಸಾಲಿನಲ್ಲಿ ಕುಳಿತನೆಂದು ಇಟ್ಟುಕೊಳ್ಳೋಣ. ಆಗ ಅವನ ಪಕ್ಕಕ್ಕೆ ಯುವಕ ಬರುವಂತಿಲ್ಲ, ಏಕೆಂದರೆ ಹಾಡು. ಗೂಡಿನ ರೈತ ಬರಬೇಕು. ಆದರೆ ಆ ಆಸನ ದಾರಿಯ ಬದಿಯದು. ಅಜ್ಜಿಯ ನೇರ ಮುಂದಿನದು ಅಥವಾ ನೇರ ಹಿಂದಿನದು. ವಾಸನೆಯ ನಿಬಂಧನೆ ಮುರಿಯಿತು. ಆದುದರಿಂದ ಕಾರ್ಮಿಕನ ಸ್ಥಾನ ನಾಲ್ಕನೆಯ ಸಾಲಿನ ಕಿಟಕಿ. ಅಲ್ಲಿ ಅವನ ನೆರೆಯವರು ಬೆಲ್ಲದ ವ್ಯಾಪಾರಿ ಮತ್ತು ವಿದ್ಯಾರ್ಥಿನಿ, ನಿದ್ರೆಗೆ ಭಂಗವಿಲ್ಲ.

ಈಗ ರೈತ ಮತ್ತು ಯುವಕ ಇಬ್ಬರೂ ಮುಂದಿನ ಒಂದೇ ಸಾಲಿನವರಾದರು. ರೈತ ದಾರಿಯ ಬದಿಯಲ್ಲಿ ಕುಳಿತರೆ ಮತ್ತೆ ಅಜ್ಜಿಗೆ ನೆರೆಯಾಗುತ್ತಾನೆ. ಆದುದರಿಂದ ರೈತ ಕಿಟಕಿಯಲ್ಲಿ, ಯುವಕ ದಾರಿಯ ಬದಿಯಲ್ಲಿ. ಆ ಸಾಲು ಎರಡನೆಯದಾದರೆ, ರೈತನ ನೇರ ಹಿಂದೆ ಮೂರನೆಯ ಸಾಲಿನ ಕಿಟಕಿಯಲ್ಲಿ ವಿದ್ಯಾರ್ಥಿನಿ ಇದ್ದಾಳೆ, ಅದೂ ಸಲ್ಲದು. ಆದುದರಿಂದ ಅದು ಮೊದಲನೆಯ ಸಾಲೇ ಆಗಿರಬೇಕು, ಅಜ್ಜಿ ಮೊಮ್ಮಕ್ಕಳದು ಎರಡನೆಯ ಸಾಲು.

ಹೀಗೆ ಉತ್ತರ: ಮೊದಲನೆಯ ಸಾಲಿನಲ್ಲಿ ಕಿಟಕಿಗೆ ಗೂಡಿನ ರೈತ, ದಾರಿಗೆ ಯುವಕ. ಎರಡನೆಯದರಲ್ಲಿ ಕಿಟಕಿಗೆ ಮೊಮ್ಮಗ, ದಾರಿಗೆ ಅಜ್ಜಿ. ಮೂರನೆಯದರಲ್ಲಿ ಕಿಟಕಿಗೆ ವಿದ್ಯಾರ್ಥಿನಿ, ದಾರಿಗೆ ಉಪಾಧ್ಯಾಯರು. ನಾಲ್ಕನೆಯದರಲ್ಲಿ ಕಿಟಕಿಗೆ ಕಾರ್ಮಿಕ, ದಾರಿಗೆ ಬೆಲ್ಲದ ವ್ಯಾಪಾರಿ. ಪ್ರತಿ ಹೆಜ್ಜೆಯೂ ಅನಿವಾರ್ಯವಾಗಿ ಬಂದುದರಿಂದ ಇದೊಂದೇ ಉತ್ತರ, ಎರಡನೆಯದು ಇಲ್ಲ. ಕೊನೆಯಲ್ಲಿ ಎಂಟು ನಿಬಂಧನೆಗಳನ್ನೂ ಮತ್ತೊಮ್ಮೆ ಒಂದೊಂದಾಗಿ ಓದಿ ತಾಳೆ ನೋಡುವುದು ಮೂರನೆಯ ನಿಯಮ.

ಬ್ಯಾಂಕುಗಳ ನೇಮಕಾತಿ ಪರೀಕ್ಷೆಗಳಲ್ಲಿ ಸಾಲಿನಲ್ಲಿಯೋ ದುಂಡು ಮೇಜಿನ ಸುತ್ತಲೋ ಜನರನ್ನು ಕೂರಿಸುವ ಇಂಥ ಪ್ರಶ್ನೆಗಳು ತಪ್ಪದೆ ಬರುತ್ತವೆಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿಗಳು ಬಲ್ಲರು. ಅಲ್ಲಿಯೂ ಈ ಮೂರು ನಿಯಮಗಳೇ ಸಾಕು. ಆದರೆ ಒಂದು ಎಚ್ಚರಿಕೆಯ ಮಾತು. ಎಂಟು ಮಂದಿಗೆ ಸುಲಭವಾದುದು ಎಂಟುನೂರು ಮಂದಿಗೆ ಸುಲಭವಾಗದು. ಸಾಮಾನ್ಯವಾಗಿ ನಿಬಂಧನೆಗಳಿಗೆ ತಕ್ಕಂತೆ ಹೊಂದಿಸುವ ಸಮಸ್ಯೆಗಳು, 1971ರಲ್ಲಿ ಸ್ಟೀಫನ್ ಕುಕ್ ಎಂಬ ವಿದ್ವಾಂಸರು ಗುರುತಿಸಿದ ಕಠಿಣ ಸಮಸ್ಯೆಗಳ ವರ್ಗಕ್ಕೆ ಸೇರುತ್ತವೆ. ಉತ್ತರವನ್ನು ಯಾರಾದರೂ ಕೊಟ್ಟರೆ ಸರಿಯೋ ತಪ್ಪೋ ಎಂದು ಬೇಗನೆ ನೋಡಬಹುದು; ಉತ್ತರವನ್ನು ಬೇಗನೆ ಹುಡುಕುವ ಸಾಮಾನ್ಯ ವಿಧಾನ ಮಾತ್ರ ಈವರೆಗೆ ದೊರೆತಿಲ್ಲ, ಅಂಥದು ಇಲ್ಲವೆಂದೂ ಸಾಧಿತವಾಗಿಲ್ಲ. ಈ ಪ್ರಶ್ನೆಯನ್ನು ತೀರ್ಮಾನಿಸಿದವರಿಗೆ ಅಮೆರಿಕದ ಕ್ಲೇ ಗಣಿತ ಸಂಸ್ಥೆಯು 2000ದಲ್ಲಿ ಹತ್ತು ಲಕ್ಷ ಡಾಲರುಗಳ ಬಹುಮಾನವನ್ನು ಘೋಷಿಸಿತು. ಅದು ಇನ್ನೂ ಯಾರಿಗೂ ಸಂದಿಲ್ಲ.

ನಾನು ಎಡವಿದ ಸ್ಥಳ

ಇಷ್ಟು ಸರಳವಾದುದಕ್ಕೆ ಮೂರು ದಿನಗಳೇಕೆ ಹಿಡಿದವೆಂಬುದನ್ನು ಈಗ ಹೇಳಬೇಕು. ಮೊಮ್ಮಗಳು ಫೋನನ್ನು ಕೈಗಿತ್ತೊಡನೆ ನಾನು ಮಾಡಿದ ಮೊದಲ ಕೆಲಸವೆಂದರೆ ಅಜ್ಜಿಯನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದು. ಹಿರಿಯರಿಗೆ ಮುಂದಿನ ಆಸನ, ಇದರಲ್ಲಿ ಕೇಳುವುದೇನಿದೆ? ಆಮೇಲೆ ಉಳಿದವರನ್ನು ಎಷ್ಟು ಬಗೆಯಾಗಿ ಬದಲಾಯಿಸಿದರೂ ಒಬ್ಬರಲ್ಲದಿದ್ದರೆ ಒಬ್ಬರು ಮುಖ ಸಿಂಡರಿಸುತ್ತಿದ್ದರು. ಮೂರನೆಯ ದಿನ, ಈ ಲೆಕ್ಕವೇ ತಪ್ಪಾಗಿದೆಯೆಂದು ಮೊಮ್ಮಗಳಿಗೆ ಹೇಳಿದೆನು. ಆಕೆ ಸ್ವಲ್ಪ ಹೊತ್ತು ನೋಡಿ, "ತಾತ, ಅಜ್ಜಿ ಮೊದಲನೇ ಸಾಲಲ್ಲೇ ಇರಬೇಕು ಅಂತ ಇದರಲ್ಲಿ ಎಲ್ಲಿ ಬರೆದಿದೆ?" ಎಂದು ಕೇಳಿದಳು.

ಎಲ್ಲಿಯೂ ಬರೆದಿರಲಿಲ್ಲ. ನಮ್ಮ ಬಸ್ಸಿನ ಲೆಕ್ಕದಲ್ಲಿಯೂ 'ಮೊದಲನೆಯ ಅಥವಾ ಎರಡನೆಯ ಸಾಲು' ಎಂದಷ್ಟೇ ಇದೆ. ಎಂಟು ನಿಬಂಧನೆಗಳ ಜೊತೆಗೆ ಒಂಬತ್ತನೆಯದೊಂದನ್ನು ನಾನೇ ತಂದು ಸೇರಿಸಿದ್ದೆನು, ಸೇರಿಸಿದ್ದು ನನಗೇ ತಿಳಿದಿರಲಿಲ್ಲ. ಆ ಒಂಬತ್ತನೆಯದನ್ನು ಸೇರಿಸಿದರೆ ಉತ್ತರಗಳ ಸಂಖ್ಯೆ ಒಂದಲ್ಲ, ಸೊನ್ನೆ. ಅದು ಕೆಟ್ಟ ಭಾವನೆಯಿಂದ ಹುಟ್ಟಿದ ನಿಬಂಧನೆಯೂ ಅಲ್ಲ. ಹಿರಿಯರ ಮೇಲಿನ ಗೌರವದಿಂದ ಹುಟ್ಟಿದುದು. ಆದರೂ ಬರೆಯದ ನಿಬಂಧನೆ ಬರೆಯದ ನಿಬಂಧನೆಯೇ.

ಇಲ್ಲಿ ಒಂದು ಆಕ್ಷೇಪ ಬರಬಹುದು: ಸಾರಿಗೆ ಬಸ್ಸಿನ ಮುಂದಿನ ಆಸನಗಳು ಮಹಿಳೆಯರಿಗೆ ಮೀಸಲಲ್ಲವೇ? ನಿಜ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಆಸನಗಳ ಮಾತು ನಮ್ಮ ಬಸ್ಸುಗಳಲ್ಲಿ ಇನ್ನಷ್ಟು ಕೇಳಿಬರುತ್ತಿದೆ. ಆದರೆ ಮೀಸಲಿನ ನಿಯಮವನ್ನು ಬಸ್ಸಿನೊಳಗೆ ಎಲ್ಲರಿಗೂ ಕಾಣುವಂತೆ ಬರೆದಿರುತ್ತಾರೆ. ಬರೆದುದನ್ನು ಪಾಲಿಸಬೇಕು, ಬೇಡವೆನಿಸಿದರೆ ಅದನ್ನು ಕುರಿತು ವಾದಿಸಲೂಬಹುದು. ಬರೆಯದೆ ಮನಸ್ಸಿನಲ್ಲಿ ಕುಳಿತ ನಿಯಮವನ್ನು ಕುರಿತು ವಾದಿಸುವುದಾದರೂ ಹೇಗೆ? ಅದು ಅಲ್ಲಿದೆಯೆಂಬುದೇ ಗೊತ್ತಿರುವುದಿಲ್ಲ.

ಶಾಲೆಯ ಬೆಂಚು

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಈ ಸಂಸ್ಥೆಗೆ ಬರುವ ಮುನ್ನ ನಾನು ಕೆಲಸ ಮಾಡಿದ ಬೇರೊಂದು ಶಾಲೆಯ ಎಂಟನೆಯ ತರಗತಿ ಕಣ್ಣ ಮುಂದೆ ಬಂದಿತು. ಜಾಣರು ಮುಂದಿನ ಬೆಂಚಿಗೆ, ದಡ್ಡರು ಹಿಂದಿನ ಬೆಂಚಿಗೆ ಎಂಬುದು ಅಲ್ಲಿ ನಾನು ಇಟ್ಟುಕೊಂಡಿದ್ದ ಕ್ರಮ. ಹಾಗೆ ಮಾಡೆಂದು ಮುಖ್ಯೋಪಾಧ್ಯಾಯರು ಹೇಳಿರಲಿಲ್ಲ, ಇಲಾಖೆಯ ಯಾವ ಸುತ್ತೋಲೆಯೂ ಹೇಳಿರಲಿಲ್ಲ. ಒಬ್ಬ ಹುಡುಗ ಕಪ್ಪುಹಲಗೆಯ ಲೆಕ್ಕವನ್ನು ಸದಾ ತಪ್ಪಾಗಿ ಬರೆದುಕೊಳ್ಳುತ್ತಿದ್ದನು. ತಪ್ಪು ಹೆಚ್ಚಿದಂತೆಲ್ಲ ಅವನನ್ನು ಒಂದೊಂದು ಬೆಂಚು ಹಿಂದಕ್ಕೆ ಕಳುಹಿಸುತ್ತ ಹೋದೆನು. ಅವನಿಗೆ ದೂರದ್ದು ಕಾಣುತ್ತಿರಲಿಲ್ಲವೆಂಬುದು, ಅವನು ಶಾಲೆ ಬಿಟ್ಟು ಕೆಲವು ವರ್ಷಗಳಾದ ಮೇಲೆ, ಕನ್ನಡಕ ಹಾಕಿಕೊಂಡು ಮದ್ದೂರಿನ ಬಸ್ ನಿಲ್ದಾಣದಲ್ಲಿ ನನ್ನನ್ನು ಗುರುತಿಸಿ ನಮಸ್ಕರಿಸಿದಾಗ ತಿಳಿಯಿತು. ಅವನು ದೂರಲಿಲ್ಲ. "ಆಗ ನಿಮ್ಮ ಬೋರ್ಡು ಕಾಣ್ತಿರಲಿಲ್ಲ ಸಾರ್" ಎಂದಷ್ಟೇ ಹೇಳಿ ಬಸ್ಸು ಹತ್ತಿದನು. ಅವನು ತಪ್ಪು ಬರೆಯುತ್ತಿದ್ದುದರಿಂದ ಹಿಂದೆ ಹೋದನು. ಹಿಂದೆ ಹೋದುದರಿಂದ ಇನ್ನಷ್ಟು ತಪ್ಪು ಬರೆದನು. ಆಯ್ಕೆ ಅತ್ಯಂತ ಕಡಿಮೆಯಿರುವವನನ್ನು ಮೊದಲು ಕೂರಿಸಬೇಕೆಂಬ ನಿಯಮವನ್ನು ಲೆಕ್ಕದಲ್ಲಿ ಬಲ್ಲ ನಾನು ತರಗತಿಯಲ್ಲಿ ತಿಳಿಯದೆ ಹೋದೆನು. ಮುಂದಿನ ಬೆಂಚಿನ ಹೊರತು ಬೇರೆ ಆಯ್ಕೆಯಿಲ್ಲದವನು ಆ ತರಗತಿಯಲ್ಲಿ ಅವನೊಬ್ಬನೇ ಆಗಿದ್ದನು.

ಮುಂದೆ ಹಿಂದೆ ಎಂಬ ಈ ವಿಚಾರವನ್ನು ಈಗ ಬೇರೆಯವರೂ ಕೇಳುತ್ತಿದ್ದಾರೆ. 2024ರ 'ಸ್ಥಾನಾರ್ಥಿ ಶ್ರೀಕುಟ್ಟನ್' ಎಂಬ ಮಲಯಾಳ ಚಲನಚಿತ್ರದಿಂದ ಪ್ರೇರಿತವಾಗಿ ಕೇರಳದ ಕೆಲವು ಶಾಲೆಗಳು 2025ರಲ್ಲಿ ಬೆಂಚುಗಳನ್ನು ಗೋಡೆಗಳಿಗೆ ಸೇರಿಸಿ, ಹಿಂದಿನ ಬೆಂಚೇ ಇಲ್ಲದಂತೆ ಜೋಡಿಸಿದವು. ಎಲ್ಲ ಶಾಲೆಗಳ ಕೋಣೆಗಳಿಗೂ ಎಲ್ಲ ಮಕ್ಕಳ ಕಣ್ಣುಗಳಿಗೂ ಅದು ಹೊಂದುವುದೋ ಇಲ್ಲವೋ, ಅಲ್ಲಿಯವರು ಪ್ರಶ್ನೆಯನ್ನಾದರೂ ಕೇಳಿದರು: ಈ ಸಾಲು ಹೀಗೆಯೇ ಇರಬೇಕೆಂದು ಎಲ್ಲಿ ಬರೆದಿದೆ?

ಪಂಕ್ತಿಯ ಪಾಠ

ನಮ್ಮ ಸಂಸ್ಥೆಗೆ ಈ ಪ್ರಶ್ನೆ ಹೊರಗಿನಿಂದ ಬರಬೇಕಾದುದಲ್ಲ. 12ನೆಯ ಶತಮಾನದ ಕಲ್ಯಾಣದಲ್ಲಿ ಬಸವಾದಿ ಶರಣರು ಕೇಳಿದುದು ಇದನ್ನೇ ಅಲ್ಲವೇ? ಹುಟ್ಟನ್ನು ನೋಡಿ ಯಾರ ಪಕ್ಕದಲ್ಲಿ ಯಾರು ಕೂರಬೇಕು, ಯಾರು ದೂರ ನಿಲ್ಲಬೇಕು ಎಂಬುದು ಎಲ್ಲರೂ ಒಪ್ಪಿ ನಡೆಯುತ್ತಿದ್ದ ಕಟ್ಟಳೆಯಾಗಿತ್ತು. ಅದು ಸೃಷ್ಟಿಯ ಮೂಲ ಲೆಕ್ಕದಲ್ಲಿಲ್ಲ, ಮನುಷ್ಯನು ಆಮೇಲೆ ತಂದು ಸೇರಿಸಿದುದು ಎಂದು ಅವರು ಕಂಡರು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಸಮಗಾರ ಹರಳಯ್ಯ, ಆಯ್ದಕ್ಕಿ ಲಕ್ಕಮ್ಮ ಇವರೆಲ್ಲ ಒಂದೇ ಶರಣಗಣದಲ್ಲಿ ಸೇರಿದುದು, ಸೇರಿಸಿದ ನಿಬಂಧನೆಯನ್ನು ಅಳಿಸಿದುದರ ಫಲ. ಮಠದ ದಾಸೋಹದಲ್ಲಿ ಬಂದವರು ಬಂದಂತೆ ಪಂಕ್ತಿಯಲ್ಲಿ ಕೂರುವಾಗ, ಈ ಪ್ರಸಾದನಿಲಯದಲ್ಲಿ ಉಂಡು ಓದಿದ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ಅದರ ಅರ್ಥ ಬಾಯಿಮಾತಿನಿಂದಲ್ಲದೆ ಅನುಭವದಿಂದಲೇ ತಿಳಿದಿರುತ್ತದೆ. ದಾನಿಗಳು ಕೊಟ್ಟ ಒಂದೊಂದು ಸೇರು ಅಕ್ಕಿ, ರಾಗಿಯೂ ಆ ಪಂಕ್ತಿಯನ್ನು ಇನ್ನೊಂದು ಮೊಳ ಉದ್ದ ಮಾಡಿದೆ.

ಹಾಗೆಂದು ನಿಬಂಧನೆಗಳೇ ಇರಬಾರದೆಂದಲ್ಲ. ಅಜ್ಜಿಗೆ ಕುಲುಕಾಟ ಆಗದು, ಕಾರ್ಮಿಕನಿಗೆ ನಿದ್ರೆ ಬೇಕು, ಓದುವವಳಿಗೆ ಬೆಳಕು ಬೇಕು. ಇವು ನಿಜವಾದ ಅಗತ್ಯಗಳು. ಅವುಗಳನ್ನು ಗೌರವಿಸುವುದಕ್ಕಾಗಿಯೇ ಅಗತ್ಯವಲ್ಲದುದನ್ನು ಬಿಡಬೇಕಾಗುತ್ತದೆ. ಮಕ್ಕಳಿಗೆ ತರ್ಕವನ್ನು ಕಲಿಸುವುದೆಂದರೆ ಈ ಎರಡನ್ನು ಬೇರ್ಪಡಿಸಲು ಕಲಿಸುವುದು. ಫೋನಿನ ಆಟವೂ ಅದಕ್ಕೆ ಒದಗುವುದಾದರೆ, ಹೊತ್ತಿನ ಮಿತಿಯನ್ನಿಟ್ಟು, ಅದನ್ನೂ ಒಂದು ಹಲಗೆ ಬಳಪದಂತೆ ಬಳಸಿಕೊಳ್ಳಬಹುದು. ಸಿಕ್ಕಿಬಿದ್ದೊಡನೆ ಸುಳಿವಿನ ಗುಂಡಿಯನ್ನು ಒತ್ತುವ ಮಗುವಿಗೆ ಉತ್ತರ ದೊರೆಯುತ್ತದೆ, ಪಾಠ ದೊರೆಯುವುದಿಲ್ಲ. ಅದರ ಬದಲು, 'ನಾನು ಏನನ್ನು ತಂದು ಸೇರಿಸಿದೆ?' ಎಂದು ಒಮ್ಮೆ ಕೇಳಿಕೊಳ್ಳುವಂತೆ ಉಪಾಧ್ಯಾಯರು ಅಭ್ಯಾಸ ಮಾಡಿಸಿದರೆ ಸಾಕು.

ಮುಗಿಸುವ ಮುನ್ನ ವಿದ್ಯಾರ್ಥಿಗಳಿಗಾಗಿ ಒಂದು ಅಭ್ಯಾಸ. ನಮ್ಮ ಬಸ್ಸಿನ ವಿದ್ಯಾರ್ಥಿನಿಯು, 'ಗೂಡಿನ ವಾಸನೆಯನ್ನು ಮದ್ದೂರಿನವರೆಗೆ ನಾನು ಸೈರಿಸಬಲ್ಲೆ' ಎಂದು ತನ್ನ ಆಕ್ಷೇಪವನ್ನು ಬಿಟ್ಟುಕೊಟ್ಟಳೆಂದು ಇಟ್ಟುಕೊಳ್ಳಿರಿ. ಉಳಿದುದೆಲ್ಲ ಹಿಂದಿನಂತೆಯೇ ಇರಲಿ. ಆಗ ಉತ್ತರಗಳು ಎರಡಾಗುತ್ತವೆ; ಅವುಗಳಲ್ಲಿ ಒಂದರಲ್ಲಿ ಅಜ್ಜಿ ಮೊದಲನೆಯ ಸಾಲಿಗೆ ಬರುತ್ತಾಳೆ. ಮೂರು ದಿನಗಳ ಕಾಲ ನಾನು ಬಲಾತ್ಕಾರದಿಂದ ಮಾಡಹೊರಟು ಸೋತುದನ್ನು, ಒಬ್ಬಳು ಹುಡುಗಿ ತನ್ನದನ್ನು ಕೊಂಚ ಬಿಟ್ಟುಕೊಟ್ಟು ಸಾಧಿಸಿಬಿಟ್ಟಳು. ಹೇಗೆಂಬುದನ್ನು ವಾಚಕರು ಬೀಜಗಳನ್ನು ಜೋಡಿಸಿ ತಾವೇ ಕಂಡುಕೊಳ್ಳಬೇಕೆಂದು ಕೋರಿ ಈ ಲೇಖನವನ್ನು ಮುಗಿಸುತ್ತೇನೆ.

ಶರಣು ಶರಣಾರ್ಥಿ.